ಪವಾಡಕ್ಕೆ ಸಾಕ್ಷಿ ಯಾರು?



ಇವತ್ತು ಒಂದೇ ಒಂದು ಶಬ್ದವನ್ನು ಹಿಡಿದುಕೊಂಡು ಮಾತಾಡಬೇಕೆಂದಿದ್ದೇನೆ. ಆ ಶಬ್ದ ಪವಾಡ. ಅರ್ಥವಷ್ಟೇ ಬೇಕಾದವರಿಗೆ ನಿಘಂಟು ಇದ್ದೇ ಇದೆ. ಆದರೆ ನಿಘಂಟಿನಲ್ಲಿ ಊರುಗಳಿರುವುದಿಲ್ಲ. ಪವಾಡಕ್ಕೆ ಊರುಗಳಿವೆ, ಅವುಗಳಲ್ಲಿ ಹಲವು ಹಾವೇರಿ ಜಿಲ್ಲೆಯ ಮಾಸೂರಿನ ಆಸುಪಾಸಿನಲ್ಲೇ ಇವೆ. ಮಾಸೂರು ಸರ್ವಜ್ಞನ ತಂದೆಯ ಊರೆಂದು ಹೆಸರಾದದ್ದು. ಅದೇ ಸೀಮೆಯ ಅಬಲೂರು, ತಲೆ ಕೊಯ್ದುಕೊಟ್ಟು ಮರಳಿ ಪಡೆದನೆಂದು ಹೇಳುವ ಏಕಾಂತದ ರಾಮಯ್ಯನ ಊರು. ದಕ್ಷಿಣಕ್ಕೆ ಹೊರಟರೆ ಶಿಕಾರಿಪುರ ಸೀಮೆಯ ಬಳ್ಳಿಗಾವೆ, ಅಲ್ಲಮಪ್ರಭುವಿನದು. ರಾಣೇಬೆನ್ನೂರಿನ ಕಡೆ ತಿರುಗಿದರೆ ದೇವರಗುಡ್ಡ, ಹೊಳೆಯಾಚೆ ಮೈಲಾರ. ಉತ್ತರಕ್ಕೆ ಶಿಗ್ಗಾವಿ ತಾಲ್ಲೂಕಿನಲ್ಲಿ ಕನಕದಾಸರ ಬಾಡ, ಶರೀಫರ ಶಿಶುನಾಳ, ದರ್ಗಾದ ಹುಲಗೂರು. ಈ ಒಂದೊಂದು ಊರಿನಲ್ಲೂ ಪವಾಡ ಎಂಬ ಮಾತು ಬೇರೆ ಬೇರೆ ತೂಕದಲ್ಲಿ ಕೇಳಿಸುತ್ತದೆ.

ಮೊದಲು ಅದರ ನೆಂಟರನ್ನು ನೋಡೋಣ. ಅಲೌಕಿಕ, ಅಚ್ಚರಿ, ಮರುಳು, ಇವಕ್ಕೆಲ್ಲ ಕನ್ನಡದಲ್ಲಿ ಶಬ್ದಗಳ ದೊಡ್ಡ ಸಂಸಾರವೇ ಇದೆ. ಮಾಟ, ಮಾಯ, ಮೋಡಿ, ಗಾರುಡಿ, ಕಣ್ಕಟ್ಟು, ಇಂದ್ರಜಾಲ, ಜಾದೂ, ಮಹಿಮೆ, ಕರಾಮತ್ತು, ಪವಾಡ. ಹೊರಗಿನವರಿಗೆ ಇವೆಲ್ಲ ಒಂದೇ ಅನ್ನಿಸಬಹುದು. ಆಡುವವರಿಗೆ ಒಂದೂ ಒಂದಲ್ಲ. ಆಡು ಎಂಬುದರಿಂದ ಆಟ, ನೋಡು ಎಂಬುದರಿಂದ ನೋಟ ಬಂದ ಹಾಗೆ ಮಾಡು ಎಂಬುದರಿಂದ ಮಾಟ ಬಂತು. ಮೂಗು ಮಾಟವಾಗಿದೆ ಎಂದರೆ ಚೆಂದ. ಮನೆಗೆ ಮಾಟವಾಗಿದೆ ಎಂದರೆ ಭಯ. ಮಾಟವನ್ನು ಯಾರೋ ಎಲ್ಲೋ ಕತ್ತಲಲ್ಲಿ ‘ಮಾಡಿಸಿರುತ್ತಾರೆ’. ಮಾಡಿಸಿದವರನ್ನು ಕಂಡವರಿಲ್ಲ, ಮಾಡಿದವರು ಒಪ್ಪುವವರಲ್ಲ. ಇನ್ನು ಮೋಡಿ. ಅದು ಮರುಳುಗೊಳಿಸುವ ವಿದ್ಯೆಯೂ ಹೌದು, ಕುಲಕರ್ಣಿಗಳ ದಫ್ತರದಲ್ಲಿ ಒಂದಕ್ಕೊಂದು ಹೊಸೆದುಕೊಂಡು ಓಡುತ್ತಿದ್ದ ಕೈಬರಹವೂ ಹೌದು. ಹೊಲದ ಪಹಣಿ ಓದಿಸಿಕೊಳ್ಳಲು ಕೈಕಟ್ಟಿ ನಿಂತ ರೈತನ ಪಾಲಿಗೆ ಎರಡಕ್ಕೂ ಅಂಥ ವ್ಯತ್ಯಾಸವಿರಲಿಲ್ಲ. ಕಣ್ಕಟ್ಟಿನಲ್ಲಿ ನೋಡುಗನಿಗೆ ತನ್ನ ಕಣ್ಣು ಕಟ್ಟಿದ್ದಾರೆಂದು ಗೊತ್ತಿರುತ್ತದೆ, ಹಾಗೆ ಗೊತ್ತಿದ್ದೇ ಖುಷಿಪಡುತ್ತಾನೆ.

ಪವಾಡ ಈ ಸಂಸಾರದಲ್ಲಿ ಬೇರೆಯಾಗಿ ನಿಲ್ಲುವುದು ಒಂದು ಕಾರಣಕ್ಕೆ. ಅದಕ್ಕೆ ಜನ ಬೇಕು. ಕತ್ತಲಲ್ಲಿ ಒಬ್ಬನೇ ಕೂತು ಯಾರೂ ಪವಾಡ ಮಾಡುವುದಿಲ್ಲ. ಮಾಡಿದರೆ ಅದು ಪವಾಡ ಅನ್ನಿಸಿಕೊಳ್ಳುವುದೂ ಇಲ್ಲ. ಕ್ರಿಯಾಪದಗಳನ್ನೇ ಗಮನಿಸಿ. ಪವಾಡ ಮೆರೆದರು, ಪವಾಡ ತೋರಿದರು, ಪವಾಡ ನಡೆಯಿತು. ಮೆರೆಯಬೇಕಾದರೆ ಬೀದಿ ಬೇಕು, ತೋರಬೇಕಾದರೆ ಎದುರಿಗೆ ಕಣ್ಣು ಬೇಕು. ಮಾಟಕ್ಕೆ ಇರುಳು, ಪವಾಡಕ್ಕೆ ಹಾಡಹಗಲು.

ಈ ಶಬ್ದ ಸಂಸ್ಕೃತದ ಪ್ರವಾದದಿಂದ ಬಂದ ತದ್ಭವ ಎಂಬುದು ವಿದ್ವಾಂಸರು ಹೇಳುತ್ತ ಬಂದಿರುವ ಮಾತು. ಪ್ರವಾದ ಎಂದರೆ ಎತ್ತಿ ಆಡಿದ ನುಡಿ, ಜನರ ನಡುವೆ ಹಬ್ಬಿದ ಸುದ್ದಿ. ಮರಾಠಿಯವರ ಪೋವಾಡಾ ಇದರ ಅಣ್ಣನೋ ತಮ್ಮನೋ. ಅಲ್ಲಿ ಅದು ವೀರಗೀತೆ. 1659ರಲ್ಲಿ ಶಿವಾಜಿ ಅಫಜಲಖಾನನನ್ನು ಕೊಂದ ಪ್ರಸಂಗವನ್ನು ಅಜ್ಞಾನದಾಸನೆಂಬ ಶಾಹೀರ ಪೋವಾಡಾ ಕಟ್ಟಿ ಹಾಡಿದ. ಡಫದ ಗತ್ತಿಗೆ ಹಾಡುವ ಆ ಪರಂಪರೆ ಇವತ್ತಿಗೂ ಜೀವಂತ. ಮಾಸೂರು, ಹಾನಗಲ್ಲು, ಸವಣೂರಿನ ಸೀಮೆ ಬಹುಕಾಲ ಮುಂಬಯಿ ಆಧಿಪತ್ಯದಲ್ಲಿದ್ದದ್ದರಿಂದ ಎರಡೂ ನುಡಿಗಳ ಉಲಿ ಇಲ್ಲಿಯವರಿಗೆ ಹೊಸದಲ್ಲ. ಮರಾಠಿಯಲ್ಲಿ ಸಾಹಸವನ್ನು ಹೊಗಳುವ ಹಾಡಿಗೆ ಆ ಹೆಸರು ನಿಂತಿತು. ಕನ್ನಡದಲ್ಲಿ ಕೆಲಸಕ್ಕೇ ಅಂಟಿಕೊಂಡಿತು. ಆದರೂ ಎರಡು ಕಡೆಯೂ ಬಾಯಿಂದ ಬಾಯಿಗೆ ಹೋಗುವ ಗುಣ ಉಳಿಯಿತು. ನಾಲ್ಕು ಜನ ನೋಡಿ ನಲವತ್ತು ಜನಕ್ಕೆ ಹೇಳಿದ ಮೇಲೆಯೇ ಪವಾಡ ಪವಾಡವಾಗುವುದು.

ಈಗ ಅಬಲೂರಿಗೆ ಹೋಗೋಣ. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಹೊತ್ತಿನ ಒಂದು ದೊಡ್ಡ ಶಾಸನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸನತಜ್ಞ ಫ್ಲೀಟ್ ಅದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಅದು ಹೇಳುವ ಕಥೆ ಹೀಗಿದೆ. ಆಳಂದೆಯ ಪುರುಷೋತ್ತಮ ಭಟ್ಟನ ಮಗ ರಾಮ. ಶಿವನನ್ನು ಬಿಟ್ಟು ಇನ್ನೊಂದನ್ನು ನೆನೆಯದ ಏಕಾಂತ ಭಕ್ತಿಯಿಂದ ಏಕಾಂತದ ರಾಮಯ್ಯನಾದವನು. ಹುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರದ ಸೋಮನಾಥನ ಅಪ್ಪಣೆಯಂತೆ ಅಬಲೂರಿಗೆ ಬರುತ್ತಾನೆ. ಅಲ್ಲಿ ಸಂಕಗೌಂಡನ ಮುಂದಾಳುತನದ ಜೈನರಿಗೂ ಅವನಿಗೂ ವಾದ ಹತ್ತುತ್ತದೆ. ವಾದ ಪಂಥಕ್ಕೆ ಏರುತ್ತದೆ. ತಲೆಯನ್ನು ಕೊಯ್ದು ಶಿವನಿಗೆ ಒಪ್ಪಿಸುತ್ತೇನೆ, ಏಳು ದಿನಗಳ ಮೇಲೆ ಮರಳಿ ಪಡೆಯುತ್ತೇನೆ ಎಂದು ರಾಮಯ್ಯ. ಹಾಗಾದರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುತ್ತೇವೆ ಎಂದು ಜೈನರು.

ಇಲ್ಲಿ ನನ್ನ ಗಮನ ಹೋಗುವುದು ತಲೆಯ ಮೇಲಲ್ಲ, ಓಲೆಯ ಮೇಲೆ. ಈ ಪಂಥವನ್ನು ಬಾಯಿಮಾತಿಗೆ ಬಿಡಲಿಲ್ಲ. ಓಲೆಯಲ್ಲಿ ಬರೆಸಿಕೊಂಡರು. ಕರಾರು ಏನು, ಗಡುವು ಎಷ್ಟು ದಿನ, ಸೋತವರು ಕೊಡುವುದೇನು, ಎಲ್ಲ ಲೆಕ್ಕಕ್ಕೆ ಬಂದವು. ಶಾಸನದ ಪ್ರಕಾರ ರಾಮಯ್ಯ ಗೆದ್ದ. ಏಳು ದಿನದ ಮೇಲೆ ಕೊರಳಲ್ಲಿ ಗಾಯದ ಗುರುತೂ ಇರಲಿಲ್ಲ. ಎದುರು ಪಕ್ಷ ಮಾತಿಗೆ ತಪ್ಪಿತು, ರಾಮಯ್ಯ ಜಿನಬಿಂಬವನ್ನು ಒಡೆದ, ದೂರು ಕಲ್ಯಾಣದ ಬಿಜ್ಜಳನವರೆಗೆ ಹೋಯಿತು. ಬಿಜ್ಜಳನ ಎದುರು ರಾಮಯ್ಯ ಓಲೆಯನ್ನು ತೋರಿಸಿದ. ಅಷ್ಟೇ ಅಲ್ಲ, ಬೇಕಾದರೆ ಇನ್ನೊಮ್ಮೆ ಮಾಡಿ ತೋರಿಸುತ್ತೇನೆ, ಈ ಸಲ ನಿಮ್ಮ ಬಸದಿಗಳನ್ನೆಲ್ಲ ಒತ್ತೆಯಿಡಿ ಎಂದ. ಅವರು ಒಪ್ಪಲಿಲ್ಲ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ, ಅಬಲೂರಿನ ವೀರಸೋಮನಾಥನ ಗುಡಿಗೆ ದತ್ತಿ ಬಿಟ್ಟ. ಮುಂದೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನೂ ಹಾನಗಲ್ಲ ಕದಂಬರ ಕಾಮದೇವನೂ ದತ್ತಿ ಕೊಟ್ಟರು. ಕವಿ ಹರಿಹರ ಈ ರಾಮಯ್ಯನ ಮೇಲೆ ರಗಳೆಯನ್ನೇ ಬರೆದ.

ಈ ಕಥೆಯನ್ನು ನಂಬುವುದು ಬಿಡುವುದು ಕೇಳುಗರಿಗೆ ಸೇರಿದ್ದು. ಆದರೆ ಕಥೆ ಕಟ್ಟಿದವರ ಮನಸ್ಸು ನೋಡಿ. ತಲೆ ಕೊಯ್ದುಕೊಂಡ ಮಹಿಮೆಯಷ್ಟನ್ನೇ ಹೇಳಿದ್ದರೆ ಭಕ್ತರಿಗೆ ಸಾಕಿತ್ತು. ಶಾಸನಕಾರನಿಗೆ ಸಾಕಾಗಲಿಲ್ಲ. ಅವನಿಗೆ ಬರೆದ ಕರಾರು ಬೇಕು, ಎದುರು ಪಕ್ಷ ಬೇಕು, ರಾಜನ ತೀರ್ಪು ಬೇಕು, ಇನ್ನೊಮ್ಮೆ ಮಾಡಿ ತೋರಿಸುವ ಸವಾಲು ಬೇಕು. ಒಮ್ಮೆ ಆದದ್ದು ಇನ್ನೊಮ್ಮೆ ಆಗಬೇಕು, ವಿರೋಧಿಯ ಕಣ್ಣೆದುರೇ ಆಗಬೇಕು ಎಂಬ ಹಟ ಎಂಟುನೂರು ವರ್ಷಗಳ ಹಿಂದಿನ ಕಲ್ಲಿನಲ್ಲಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. ಆ ಕಲ್ಲನ್ನು ನಿಲ್ಲಿಸಿದವರು ಗೆದ್ದವರು. ಸಂಕಗೌಂಡನ ಕಡೆಯವರು ಏನು ಹೇಳುತ್ತಿದ್ದರು ಎಂಬುದು ಆ ಕಲ್ಲಿನಲ್ಲಿ ಇಲ್ಲ. ಒಡೆದ ಜಿನಬಿಂಬವಂತೂ ಒಂದು ಜನ ಸಮುದಾಯ ಪೂಜಿಸುತ್ತಿದ್ದ ವಿಗ್ರಹ. ಪವಾಡ ನಡೆಯಿತೋ ಇಲ್ಲವೋ, ಅದರ ಹೆಸರಿನಲ್ಲಿ ಕಳೆದುಕೊಂಡವರ ನಷ್ಟ ದಿಟ. ಆದ್ದರಿಂದ ಯಾವ ಪವಾಡದ ಕಥೆ ಕೇಳಿದರೂ ನೋಡಿದವರು ಯಾರು ಎಂದು ಕೇಳುವುದರ ಜತೆಗೆ, ಬರೆದಿಟ್ಟವರು ಯಾರು ಎಂದೂ ಕೇಳಬೇಕಾಗುತ್ತದೆ. ಸಾಕ್ಷಿ ಇದೆ ಎಂದ ಮಾತ್ರಕ್ಕೆ ಇಬ್ಬರ ಸಾಕ್ಷಿಯೂ ಇದೆ ಎಂದಲ್ಲ.

ಅಬಲೂರಿನ ಪವಾಡ ಕಲ್ಲಿನಲ್ಲಿದ್ದರೆ ಮೈಲಾರದ ಪವಾಡ ಮೈಮೇಲಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ. ಗೊರವಯ್ಯ ಬಿಲ್ಲೇರಿ ಒಂದೇ ವಾಕ್ಯದ ಕಾರಣಿಕ ನುಡಿಯುತ್ತಾನೆ, ವರ್ಷದ ಮಳೆ ಬೆಳೆ ರಾಜಕೀಯವನ್ನೆಲ್ಲ ಜನ ಆ ವಾಕ್ಯದಲ್ಲಿ ಹುಡುಕುತ್ತಾರೆ. ಕಾರಣಿಕ ಮುಗಿದ ಮೇಲೆ ಮೈಲಾರನ ಸೇವಕರಾದ ಕಂಚವೀರರ ಪವಾಡಗಳು. ಕಬ್ಬಿಣದ ಸರಪಳಿಯನ್ನು ಜಗ್ಗಿ ಹರಿಯುವುದು ಸರಪಳಿ ಪವಾಡ. ಮೀನಖಂಡದೊಳಗೆ ಗೂಟ ತೂರಿಸಿಕೊಳ್ಳುವುದು ಭಗಣಿ ಗೂಟದ ಪವಾಡ. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಗುಗ್ಗಳ ಹೊರಟಾಗ ಪುರವಂತರು ಒಡಪು ಹೇಳುತ್ತ ಶಸ್ತ್ರ ಹಾಕಿಕೊಳ್ಳುವುದಕ್ಕೂ ಇದೇ ಹೆಸರು.

ಅಲ್ಲಿ ಆ ಮಾತನ್ನು ಆಡುವವರ ದನಿ ಕೇಳಿ. ಅಸಾಧ್ಯವಾದದ್ದು ನಡೆಯಿತು ಎನ್ನುವ ದನಿ ಅದಲ್ಲ. ‘ಈ ಸಲ ಪವಾಡ ಯಾರ್ದು?’ ಎಂದು ವಿಚಾರಿಸುತ್ತಾರೆ. ಅಂದರೆ ಇದು ಸರದಿ, ಮನೆತನದಿಂದ ಬಂದ ಸೇವೆ, ಅಭ್ಯಾಸದಿಂದ ಒಲಿದ ಕಸುಬು. ಗೂಟ ಮುಚ್ಚುಮರೆಯಿಲ್ಲದೆ ಎಲ್ಲರ ಕಣ್ಣಿಗೂ ಕಾಣುತ್ತದೆ, ನೋವು ನೋವೇ. ಒಂದೇ ಶಬ್ದ ಒಂದು ಕಡೆ ದೇವರು ಮಾಡಿದ್ದನ್ನು ಹೇಳುತ್ತದೆ, ಇನ್ನೊಂದು ಕಡೆ ದೇವರಿಗಾಗಿ ಮನುಷ್ಯ ತಾಳಿಕೊಂಡದ್ದನ್ನು ಹೇಳುತ್ತದೆ. ಈ ಎರಡನೆಯ ಅರ್ಥ ಪೇಟೆಯ ಕನ್ನಡದಲ್ಲಿ ಹೆಚ್ಚುಕಡಿಮೆ ಅಳಿಸಿಹೋಗಿದೆ. ಜಾತ್ರೆಯ ಕನ್ನಡ ಅದನ್ನು ಉಳಿಸಿಕೊಂಡಿದೆ.

ಪವಾಡಕ್ಕೆ ಬೆನ್ನು ತಿರುಗಿಸಿದವರೂ ಇದೇ ನೆಲದವರೇ. ಬಸವಣ್ಣನವರಿಗೆ ಎಂಬತ್ತೆಂಟು ಪವಾಡಗಳ ಲೆಕ್ಕ ಹಚ್ಚಿದ ಪುರಾಣಗಳು ಹುಟ್ಟಿದ ಪರಂಪರೆಯಲ್ಲೇ ಅಲ್ಲಮನ ಕಥೆಯೂ ಇದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನೆಂಬ ಸಿದ್ಧ ತನ್ನ ವಜ್ರದೇಹದ ಹೆಮ್ಮೆಯಿಂದ, ಕತ್ತಿಯಲ್ಲಿ ಹೊಡೆದು ನೋಡು ಎನ್ನುತ್ತಾನೆ. ಹೊಡೆದರೆ ಖಣಿಲ್ಲೆಂಬ ಸದ್ದು, ಕೂದಲೂ ಕೊಂಕುವುದಿಲ್ಲ. ಈಗ ನನ್ನನ್ನು ಹೊಡೆ ಎಂದು ಅಲ್ಲಮ. ಕತ್ತಿ ಗಾಳಿಯಲ್ಲಿ ಆಡಿದ ಹಾಗೆ ಆಚೆಗೆ ಹೋಗುತ್ತದೆ, ತಗಲುವುದಕ್ಕೆ ಏನೂ ಇಲ್ಲ. ಗೆದ್ದದ್ದು ಗಟ್ಟಿಯಾದ ಮೈಯಲ್ಲ, ಬಯಲಾದ ಮೈ. ಕಥೆಯ ಬಗೆ ನೋಡಿದರೆ ಇದೂ ಪವಾಡವೇ. ಆದರೆ ಪವಾಡದ ಹಮ್ಮನ್ನು ಮುರಿಯಲೆಂದು ಹೇಳಿದ ಪವಾಡ ಇದು. ಸಿದ್ಧಿಯನ್ನು ಹೊತ್ತು ತಿರುಗುವವನು ಅದರ ಕೂಲಿಯಾಳು ಎಂಬುದು ಅದರ ಇಂಗಿತ.

ಇನ್ನು ಸರ್ವಜ್ಞ. ಧಾರವಾಡದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಅವನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸದಿದ್ದರೆ ನಮ್ಮ ಕೈಗೆ ಎಷ್ಟು ಸಿಗುತ್ತಿತ್ತೋ. ಕ್ರೈಸ್ತ ಪಾದ್ರಿಯಾಗಿದ್ದುಕೊಂಡು ಸರ್ವಜ್ಞನಿಗಾಗಿ ಅಷ್ಟು ದಣಿದವರು ಅವರು. ಆ ತ್ರಿಪದಿಗಳಲ್ಲಿ ಬೂದಿ ಬಳಿದ, ಜಡೆ ಬಿಟ್ಟ, ಮಂತ್ರ ಮಾರುವ ವೇಷಧಾರಿಗಳ ಬೆನ್ನ ಮೇಲೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ. ಸರ್ವಜ್ಞ ಪವಾಡ ತೋರಿಸಲಿಲ್ಲ, ಅನ್ನ, ಸಾಲ, ಮಳೆ, ಹೆಂಡತಿ, ನೆರೆಮನೆ ಎಂದು ದಿನದ ಬದುಕಿನ ಮಾತಾಡಿದ. ಆದರೆ ಜನ ಸುಮ್ಮನಿರಬೇಕಲ್ಲ! ಮಾಸೂರಿನ ಬಸವರಸ ಮಕ್ಕಳಿಲ್ಲದೆ ಕಾಶಿಗೆ ಹೋದದ್ದು, ಬರುವಾಗ ಅಂಬಲೂರು, ಅಂದರೆ ಇದೇ ಅಬಲೂರಿನ ಕುಂಬಾರ ಮಾಳಿಯ ಮನೆಯಲ್ಲಿ ತಂಗಿದ್ದು, ಹುಟ್ಟಿದ ಮಗು ಕೈಲಾಸದಿಂದ ಇಳಿದ ಪುಷ್ಪದತ್ತನೇ ಆಗಿದ್ದು, ಹೀಗೆ ಅವನ ಹುಟ್ಟಿನ ಸುತ್ತಲೇ ಒಂದು ಪವಾಡ ಬೆಳೆಯಿತು. ಅದನ್ನು ಹೇಳುವ ಪದ್ಯಗಳು ಅವನವೇ ಹೌದೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಬ್ರಾಹ್ಮಣ ತಂದೆಗೂ ಕುಂಬಾರ ತಾಯಿಗೂ ಮಗನಾದವನು ಎಲ್ಲ ಬಲ್ಲವನಾದ ಎಂಬುದನ್ನು ಬರಿಯ ಸುದ್ದಿಯಾಗಿ ಹೇಳಲು ಆ ಕಾಲದ ಸಮಾಜಕ್ಕೆ ನಾಲಗೆ ತೊಡರಿರಬೇಕು. ಪವಾಡದ ಬಟ್ಟೆ ಹೊದಿಸಿ ಒಪ್ಪಿಕೊಂಡಿತು. ಬಾಡದ ಕನಕದಾಸರಿಗಾಗಿ ಉಡುಪಿಯ ಕೃಷ್ಣ ತಿರುಗಿ ನಿಂತನೆಂಬ ಕಥೆಯಲ್ಲೂ ಕೆಲಸ ಮಾಡಿರುವುದು ಇದೇ. ಮನುಷ್ಯರು ತೆರೆಯದ ಬಾಗಿಲನ್ನು ಕಥೆಯಲ್ಲಿ ದೇವರ ಕೈಯಿಂದ ತೆರೆಸುತ್ತಾರೆ.

ಶಬ್ದಗಳಿಗೂ ಏಳುಬೀಳು ಉಂಟು. ಪವಾಡದ ಪಕ್ಕದ ಮನೆಯ ಕರಾಮತ್ತನ್ನು ನೋಡಿ. ಅರಬ್ಬಿಯಲ್ಲಿ ಕರಾಮತ್ ಎಂದರೆ ಸೂಫಿ ಸಂತರಿಗೆ ದೈವಕೃಪೆಯಿಂದ ಒದಗಿದ ಮಹಿಮೆ. ಪ್ರವಾದಿಗಳದ್ದಕ್ಕೆ ಬೇರೆ ಹೆಸರು, ಸಂತರದ್ದಕ್ಕೆ ಇದು. ಹುಲಗೂರಿನ ಖಾದರಿ ದರ್ಗಾದಂಥ ಕಡೆ ಆ ಅರ್ಥಕ್ಕೆ ಇನ್ನೂ ಮರ್ಯಾದೆ ಇದೆ. ಅಲ್ಲಿಂದ ಸಂತೆಗೆ ಬರುವಷ್ಟರಲ್ಲಿ ಮಾತಿನ ಬಣ್ಣ ಬದಲಾಗಿಬಿಡುತ್ತದೆ. ‘ಲೆಕ್ಕದಾಗ ಏನೋ ಕರಾಮತ್ತು ಮಾಡ್ಯಾನ’ ಎಂದರೆ ಸಂತನ ಮಹಿಮೆಯಲ್ಲ, ಗುಮಾಸ್ತನ ಕೈಚಳಕ. ಒಂದು ಪೂಜ್ಯ ಶಬ್ದ ಹೀಗೆ ಮೋಸದ ಮನೆಗೆ ಬಂದು ಬಿದ್ದದ್ದು ಯಾಕೆ? ಆ ಹೆಸರಿನಲ್ಲಿ ಮೋಸಹೋದವರು ಬಹಳ ಜನರಾದಾಗ, ಅವರು ಬೇರೆ ಏನೂ ಮಾಡಲಾಗದೆ ಶಬ್ದದ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ.

ಪವಾಡವೂ ಅದೇ ಇಳಿಜಾರಿನಲ್ಲಿದೆಯೇ? ‘ಅಂವೇನು ಪವಾಡ ಪುರುಷನಾ?’ ಎಂದು ನಾವು ಹಂಗಿಸುತ್ತೇವೆ. ‘ಪವಾಡ ರಹಸ್ಯ ಬಯಲು’ ಎಂಬ ಹೆಸರಿನ ಕಾರ್ಯಕ್ರಮಗಳು ಶಾಲೆ ಕಾಲೇಜುಗಳಲ್ಲಿ ನಡೆಯುತ್ತವೆ. ಹುಲಿಕಲ್ ನಟರಾಜ್ ಅವರಂಥವರು ಉರಿಯುವ ಕರ್ಪೂರವನ್ನು ನಾಲಗೆಯ ಮೇಲಿಟ್ಟು, ಬರಿಗೈಯಿಂದ ಬೂದಿ ಉದುರಿಸಿ, ಆಮೇಲೆ ಅದು ಹೇಗೆಂದು ಮಕ್ಕಳಿಗೆ ಬಿಡಿಸಿ ಹೇಳುತ್ತ ಬಂದಿದ್ದಾರೆ. ಅವರ ಕೈಯಲ್ಲಿ ಪವಾಡ ಎಂಬುದು ಗುಟ್ಟು ಎಂಬುದಕ್ಕೆ ಸಮಾನಪದ. ಹಿಂದೆ ಎಲ್ಲರೆದುರು ಮೆರೆಯುತ್ತಿದ್ದ ಶಬ್ದಕ್ಕೆ ಈಗ ಒಳಗೊಂದು ರಹಸ್ಯವಿದೆ ಎಂಬ ಅನುಮಾನ ಅಂಟಿಕೊಂಡಿದೆ.

ಈ ತಿರುವಿನಲ್ಲಿ ಮರೆಯಬಾರದ ಹೆಸರು ಡಾ. ಎಚ್. ನರಸಿಂಹಯ್ಯನವರದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ವಿಚಾರಣೆ ಮಾಡಲು ಒಂದು ಸಮಿತಿ ನೇಮಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಎದುರು ಮಾಡಿ ತೋರಿಸಬೇಕೆಂದು ಕೇಳಿದರು. ಉತ್ತರ ಬರಲಿಲ್ಲ. ದೊಡ್ಡ ಗದ್ದಲವೇ ಆಯಿತು. ಭಕ್ತಿಯನ್ನು ಪ್ರಯೋಗಶಾಲೆಗೆ ಎಳೆಯುವುದು ಪಾಶ್ಚಾತ್ಯ ಚಾಳಿ ಎಂದವರಿದ್ದರು. ಅವರು ಅಬಲೂರಿನ ಶಾಸನವನ್ನು ಓದಿರಲಿಲ್ಲವೆಂದು ಕಾಣುತ್ತದೆ. ಷರತ್ತು ಬರೆದುಕೊಳ್ಳಿ, ಒಪ್ಪದವರ ಎದುರು ಮಾಡಿ, ಇನ್ನೊಮ್ಮೆ ಮಾಡಿ ಎಂಬ ಮೂರು ಬೇಡಿಕೆಗಳೂ ಆ ಕಲ್ಲಿನಲ್ಲೇ ಇವೆ. ನರಸಿಂಹಯ್ಯನವರು ಬೇರೆ ಏನು ಕೇಳಿದರು? ಭಕ್ತರು ಶಾಸನದಲ್ಲಿ ಯಾವುದನ್ನು ಹೆಮ್ಮೆಯಿಂದ ಕೊರೆಸಿದರೋ ಅದನ್ನೇ ಅವರು ಪತ್ರದಲ್ಲಿ ಬರೆದು ಕೇಳಿದರು. ರೋಮಿನ ಕಥೋಲಿಕ ಸಭೆ ಕೂಡ ಒಬ್ಬರನ್ನು ಸಂತರೆಂದು ಸಾರುವ ಮುನ್ನ, ಅವರ ಹೆಸರಿನಲ್ಲಿ ಗುಣವಾಯಿತೆನ್ನುವ ರೋಗದ ಕಾಗದಪತ್ರಗಳನ್ನು ವೈದ್ಯರಿಗೆ ತೋರಿಸಿ ಅಭಿಪ್ರಾಯ ಪಡೆಯುತ್ತದೆ. ಪರೀಕ್ಷೆ ನಂಬಿಕೆಯ ಶತ್ರುವೆಂದು ಈ ಹಳೆಯ ಸಂಪ್ರದಾಯಗಳು ತಿಳಿದಿರಲಿಲ್ಲ.

ಆಮೇಲೆ ಕಾನೂನೂ ಬಂತು. ಮೌಢ್ಯ ನಿಷೇಧ ಕಾಯ್ದೆ ಎಂದು ಜನ ಕರೆಯುವ ಕರ್ನಾಟಕದ ಕಾಯ್ದೆಗೆ 2017ರಲ್ಲಿ ವಿಧಾನಮಂಡಲದ ಒಪ್ಪಿಗೆ ಸಿಕ್ಕಿತು, 2020ರ ಜನವರಿಯಲ್ಲಿ ಜಾರಿಯಾಯಿತು. ಮಾಟ, ವಾಮಾಚಾರ, ದೆವ್ವ ಬಿಡಿಸುವ ನೆಪದ ಹಿಂಸೆ, ದವಡೆಯ ಈ ಕಡೆಯಿಂದ ಆ ಕಡೆಗೆ ಸರಳು ಚುಚ್ಚುವ ಬಾಯಿಬೀಗ ಮೊದಲಾದವು ಅಪರಾಧಗಳ ಪಟ್ಟಿಗೆ ಸೇರಿದವು. ಅದೇ ಕಾಯ್ದೆ ಗತಿಸಿದ ಸಂತರ ಪವಾಡಗಳನ್ನು ಹೇಳುವುದಕ್ಕೆ, ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದಿತು. ಕಥೆ ಹೇಳಬಹುದು, ಕತ್ತು ಕೊಯ್ಯುವ ಹಾಗಿಲ್ಲ. ಪವಾಡ ಮೂಲದಲ್ಲಿ ಪ್ರವಾದ, ಅಂದರೆ ನುಡಿ, ಎಂದು ಆಗಲೇ ಹೇಳಿದೆನಲ್ಲ, ಕಾನೂನು ತನಗೆ ಗೊತ್ತಿಲ್ಲದೆಯೇ ಶಬ್ದವನ್ನು ತವರಿಗೆ ಕಳಿಸಿದೆ.

ಇಷ್ಟೆಲ್ಲ ಆದ ಮೇಲೂ ಪವಾಡ ದಿನಪತ್ರಿಕೆಯಲ್ಲಿ ದಿನವೂ ನಡೆಯುತ್ತದೆ. ಬಸ್ಸು ಹಳ್ಳಕ್ಕೆ ಉರುಳಿತು, ಪ್ರಯಾಣಿಕರು ಪವಾಡಸದೃಶ ಪಾರು. ಕೊಳವೆಬಾವಿಯಿಂದ ಮಗು ಬದುಕಿ ಬಂತು, ಪವಾಡ. ಕೊನೆಯ ಓವರಿನಲ್ಲಿ ಪವಾಡ. ಇಲ್ಲಿ ಯಾರೂ ಮೋಸ ಮಾಡುತ್ತಿಲ್ಲ, ಯಾರೂ ದೇವರನ್ನು ಪಂಥಕ್ಕೆ ಕರೆಯುತ್ತಿಲ್ಲ. ಸಮಾಧಾನದ ನಿಟ್ಟುಸಿರಿಗೆ ಒಂದು ಶಬ್ದ ಬೇಕು, ಅಷ್ಟೆ. ಅದನ್ನು ಕಸಿದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಎಲ್ಲ ಲೆಕ್ಕವನ್ನೂ ಮೀರಿ ಒಬ್ಬರು ಉಳಿದುಕೊಂಡಾಗ ಆ ಮಾತು ತಾನಾಗಿ ಬಾಯಿಗೆ ಬರುತ್ತದೆ, ಬರಲಿ.

ನನ್ನ ತಕರಾರು ಬೇರೆ. ಅವಸರದ ಪವಾಡ ದುಡಿದವರ ಹೆಸರನ್ನು ನುಂಗಿಬಿಡುತ್ತದೆ. ಕೊಳವೆಬಾವಿಯ ಪಕ್ಕ ಇರುಳಿಡೀ ಸಮಾನಾಂತರ ಗುಂಡಿ ತೋಡಿದ ಯಂತ್ರದ ಚಾಲಕ, 2008ರಿಂದ ನಮ್ಮ ರಸ್ತೆಗಳಲ್ಲಿ ಓಡುತ್ತಿರುವ 108ರ ಆಂಬುಲೆನ್ಸಿನ ದಾದಿ, ಜಿಲ್ಲಾ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ವೈದ್ಯೆ, ಇವರಿಗೆ ಸಾಕ್ಷಿ ಇದೆ, ಇವರ ಕೆಲಸವನ್ನು ನಾಳೆ ಇನ್ನೊಮ್ಮೆ ಮಾಡಿ ತೋರಿಸಲೂ ಬರುತ್ತದೆ. ಮಾಸೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ಕಟ್ಟಿದ ವಿಜಯನಗರ ಕಾಲದ ಮದಗದ ಕೆರೆಯಿದೆ. ಆ ಏರಿಗೆ ಮಣ್ಣು ಹೊತ್ತವರ ಹೆಸರು ಉಳಿದಿಲ್ಲ. ಆ ಕಾಲಕ್ಕೆ ದುಡಿದವರ ಹೆಸರು ಬರೆದಿಡುವ ರೂಢಿ ಇರಲಿಲ್ಲ ಎನ್ನೋಣ. ನಮಗೆ ಆ ನೆಪವಿಲ್ಲ.

ಆದ್ದರಿಂದ ಪವಾಡ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅಬಲೂರಿನವರು ಓಲೆ ಕೇಳಿದ ಹಾಗೆ ನಾವೂ ಕೇಳೋಣ. ಕಂಡವರು ಯಾರು? ಒಪ್ಪದವರಿಗೂ ನೋಡಲು ಬಿಟ್ಟಿದ್ದರೇ? ಇದರಿಂದ ಗಳಿಸಿದವರು ಯಾರು, ಕಳೆದುಕೊಂಡವರು ಯಾರು? ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಸಿಕ್ಕರೆ ಪವಾಡ ಎನ್ನುವುದನ್ನು ಬಿಟ್ಟು ಆ ಹೆಸರನ್ನೇ ಹೇಳೋಣ. ಹೆಸರು ಸಿಗದೆ ಹೋದಾಗ ಬಳಸುವುದಕ್ಕೆ ಶಬ್ದ ಹೇಗೂ ಇದ್ದೇ ಇರುತ್ತದೆ.